ದಾರಿ ತಪ್ಪಿದ ಬೀಗರು

ಮೂರನೆಯ ದಿನದ ಸವಾರಿಗೆ ಗಕ್ವಾಯ ಮುಂದಾಳಾದದ್ದು ಹೇಗೆ ಎಂಬ ಬಗ್ಗೆ ಮುಹಾಂಗಾ ಪೇಟೆಯ ಸೈಕಲ್ ಸಂಘದಲ್ಲಿ ಎರಡು ಅಭಿಪ್ರಾಯಗಳಿವೆ. ತಾನು ಯೋಗ್ಯನಾಗಿದ್ದರಿಂದ ಎಂಬುದು ಗಕ್ವಾಯನ ಅಭಿಪ್ರಾಯ. ಅವನ ಬಾಯಿ ಮುಚ್ಚಿಸಲು ಬೇರೆ ಉಪಾಯವಿರಲಿಲ್ಲ ಎಂಬುದು ಉಳಿದ ಐವರದು.

ನೆಟ್ಟನೆಯ ಡಾಂಬರು ರಸ್ತೆ ಬಿಟ್ಟು ಗುಡ್ಡಗಳ ಸುತ್ತುದಾರಿಯಲ್ಲಿ ಹೋಗಿ ಕಿವು ಸರೋವರದ ದಡದ ಕರೋಂಗಿಯನ್ನು ಮುಟ್ಟುವುದು ಸಂಘದ ವಾರ್ಷಿಕ ಪ್ರವಾಸ. ಮೊದಲೆರಡು ದಿನ ಎಲ್ಲರ ಹಿಂದೆ ಪಂಪು, ಪಂಕ್ಚರ್ ಸಾಮಾನು ಹೊತ್ತು ತುಳಿದ ಗಕ್ವಾಯ ಒಂದೇ ಮಾತನ್ನು ಹೇಳಿಕೊಂಡು ಬಂದಿದ್ದ: "ಇಲ್ಲೇನ್ ನೋಡ್ತೀರಾ, ನ್ಯಾಗಸೋಜಿ ದಾಟಿ ನೋಡಿ. ಆಚೆ ಗುಡ್ಡಗಳೆಲ್ಲಾ ನಮ್ಮಮ್ಮನ ತವರು. ನಾನು ಬಂದೆ ಅಂದ್ರೆ ಯಾವ ಬಾಗಿಲಲ್ಲಾದ್ರೂ ಹಾಲು ಹಿಡ್ಕೊಂಡು ನಿಂತಿರ್ತಾರೆ." ಅವನ ತಾಯಿಯ ತವರು ನ್ಯಾಂಜಾ ಕಡೆ, ಅಂದರೆ ತದ್ವಿರುದ್ಧ ದಿಕ್ಕಿನಲ್ಲಿ. ಈ ಗುಡ್ಡಗಳಿಗೆ ಅವನು ಜೀವಮಾನದಲ್ಲಿ ಒಮ್ಮೆ ಬಂದಿದ್ದ. ಬಸ್ಸಿನಲ್ಲಿ. ಅದೂ ನಿದ್ದೆ ಮಾಡುತ್ತಾ. ಆದರೆ ಪೇಟೆಯಲ್ಲಿ ಕನ್ನಡಕ ಮಾರುವ ಸಣ್ಣ ಅಂಗಡಿಯವನಿಗೆ, ಮನೆಯಲ್ಲಿ ಹೆಂಡತಿ ವೆನಾಂಸಿ, ಅಂಗಡಿಯಲ್ಲಿ ಗಿರಾಕಿ, ಸಂಘದಲ್ಲಿ ಕಾರ್ಯದರ್ಶಿ, ಎಲ್ಲರಿಂದಲೂ "ಸ್ವಲ್ಪ ಆ ಕಡೆ ಸರಿಯಪ್ಪ" ಎನ್ನಿಸಿಕೊಳ್ಳುವವನಿಗೆ, ತನ್ನನ್ನು ಕಂಡರೆ ಹಾಲು ತರುವ ಒಂದು ಊರು ಎಲ್ಲಾದರೂ ಇರಬೇಕು ಎನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲ. ಅದನ್ನು ಆರು ಸೈಕಲ್ಲುಗಳ ಮುಂದೆ ಇಟ್ಟುಕೊಂಡು ಹೊರಟದ್ದಷ್ಟೇ ತಪ್ಪು.

ನ್ಯಾಗಸೋಜಿಯ ತಂಗುಮನೆಯಿಂದ ಬೆಳಿಗ್ಗೆ ಹೊರಟಾಗಲೇ ಮಳೆ ಹನಿಯುತ್ತಿತ್ತು. ಮೊದಲ ಗುಡ್ಡ ಹತ್ತುವಷ್ಟರಲ್ಲಿ ಸುರಿಯತೊಡಗಿತು. ಎರಡನೆಯ ಗುಡ್ಡ ಇಳಿಯುವಾಗ ಮುಂದಿನವನ ಬೆನ್ನು ಕಾಣದಾಯಿತು. ಕೆಮ್ಮಣ್ಣು ಚಕ್ರಕ್ಕೂ ಬ್ರೇಕಿಗೂ ಮೆತ್ತಿಕೊಂಡು, ಸೈಕಲ್ಲುಗಳು ಉರುಳುವುದಿಲ್ಲ ಎಂದು ಹಟ ಹಿಡಿದವು. ಆಮೇಲೆ ಆರು ಜನರೂ ಅವುಗಳನ್ನು ಹೆಗಲಿಗೇರಿಸಿಕೊಂಡು ನಡೆದರು. ಅಂದು ಸಂಘದವರು ಸೈಕಲ್ ಮೇಲೆ ಹೋದದ್ದಕ್ಕಿಂತ ಸೈಕಲ್ಲುಗಳು ಸಂಘದವರ ಮೇಲೆ ಹೋದದ್ದೇ ಹೆಚ್ಚು. ಆ ನಡುವೆ ಬಾಳೆಹಣ್ಣಿನ ಮದ್ಯದ ನಾಲ್ಕು ಕ್ಯಾನು ಹೇರಿಕೊಂಡ ಒಬ್ಬ ಅಜ್ಜ, ಹಳೇ ಸೈಕಲ್ಲನ್ನು ತಳ್ಳುತ್ತಾ, ಹಾಡುತ್ತಾ ಇವರನ್ನು ದಾಟಿ ಮುಂದೆ ಹೋದ.

"ಆ ಅಜ್ಜನ್ನ ದಾರಿ ಕೇಳಬಹುದಿತ್ತಲ್ಲ ಗಕ್ವಾಯಣ್ಣ?" ಎಂದ ದೋಲಿ. ಬಸ್ ಮೆಕ್ಯಾನಿಕ್ಕು, ಸಂಘದಲ್ಲೇ ದೊಡ್ಡ ಹೊಟ್ಟೆಯವನು. ಬೆಳಗಿನಿಂದ ಅದಕ್ಕೆ ಎರಡು ಗೆಣಸು ಬಿಟ್ಟರೆ ಏನೂ ಬಿದ್ದಿರಲಿಲ್ಲ.

"ತಾಯಿ ತವರಲ್ಲಿ ನಿಂತ್ಕೊಂಡು ದಾರಿ ಕೇಳೋದಾ? ಮಾನ ಹೋಗುತ್ತೆ," ಎಂದ ಗಕ್ವಾಯ.

ಅವನ ಮಾನಕ್ಕಾಗಿ ಇನ್ನೆರಡು ಗುಡ್ಡ ಹತ್ತಿಳಿದ ಮೇಲೆ ಕಾರ್ಯದರ್ಶಿ ಮುಕರುಬುಗ ಸೈಕಲ್ ಕೆಳಗಿಟ್ಟರು. ಮೂವತ್ತು ವರ್ಷ ಲೆಕ್ಕದ ಪಾಠ ಹೇಳಿ ನಿವೃತ್ತರಾದ ಹೆಂಗಸು. ಅವರು ಸೈಕಲ್ ಕೆಳಗಿಟ್ಟರೆಂದರೆ ತೀರ್ಪು ಬಂತು ಎಂದರ್ಥ.

"ಗಕ್ವಾಯ, ನನ್ ಮಾತ್ ಕೇಳು. ಕತ್ತಲಾಗೋದ್ರೊಳಗೆ ನಮ್ಮ ತಲೆ ಮೇಲೆ ಒಂದು ಸೂರು, ಕೈಯಲ್ಲಿ ಬಿಸಿ ಊಟ. ಇವೆರಡು ಸಿಕ್ಕಿದ್ರೆ ಮುಂದಿನ್ ವರ್ಷಾನೂ ನೀನೇ ಮುಂದೆ. ಸಿಗಲಿಲ್ವೋ, ನಾಳೆಯಿಂದ ಸಾಯೋತನಕ ಪಂಪು ಹೊತ್ಕೊಂಡು ಹಿಂದೆ ಬಾ."

"ಆಗಲಿ ಟೀಚರಮ್ಮ. ಇಲ್ಲೇ ಪಕ್ಕದಲ್ಲೇ ನಮ್ಮವರ ಮನೆ," ಎಂದ ಗಕ್ವಾಯ. ಹೇಳಿ ಮುಗಿಸುವಾಗ ಅವನ ಧ್ವನಿ ಸ್ವಲ್ಪ ನಡುಗಿತು. ಚಳಿಗೆ ಎಂದು ಎಲ್ಲರೂ ತಿಳಿದರು.

ಬಾಳೆತೋಟದ ತಿರುವು ದಾಟಿದರೆ ನಿಜಕ್ಕೂ ಒಂದು ಮನೆಯಿತ್ತು. ತಗಡಿನ ಸೂರು, ಸುಣ್ಣ ಬಳಿದ ಗೋಡೆ, ಹೂವು ಸುತ್ತಿದ ಗೇಟು. ಇವರನ್ನು ಕಂಡದ್ದೇ ತಡ, ಒಳಗಿನಿಂದ ಏಳೆಂಟು ಜನ ಛತ್ರಿ ಹಿಡಿದು ಓಡಿಬಂದರು.

"ಬಂದ್ರು! ಬಂದ್ರು! ಮುಹಾಂಗಾದವರು ಬಂದ್ರು!"

"ಅಯ್ಯೋ ಪುಣ್ಯಾತ್ಮರಾ, ಮಧ್ಯಾಹ್ನದಿಂದ ಕಾಯ್ತಾ ಇದ್ದೀವಲ್ಲಾ! ರಸ್ತೆ ಕುಸಿದಿದೆ ಅಂತ ಸೈಕಲ್ ಹೊತ್ಕೊಂಡೇ ಬಂದ್ರಾ?"

"ಮುಹಾಂಗಾದವರೇ ತಾನೇ?"

"ಹೌದು, ಮುಹಾಂಗಾದವರೇ," ಎಂದ ಗಕ್ವಾಯ. ಆ ಕ್ಷಣ ಆ ಗುಡ್ಡದ ಮೇಲೆ ಅವನಷ್ಟು ಆಶ್ಚರ್ಯಪಟ್ಟವನು ಇನ್ನೊಬ್ಬನಿರಲಿಲ್ಲ. ಆದರೆ ಆಶ್ಚರ್ಯವನ್ನು ನುಂಗಿಕೊಳ್ಳುವುದಕ್ಕೆ ಅವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಿಂದಕ್ಕೆ ತಿರುಗಿ ಐವರ ಕಡೆ ನೋಡಿದ. "ಹೇಳಿರಲಿಲ್ವಾ? ನಮ್ಮಮ್ಮನ ತವರು!" ಎಂದು ಇಡೀ ಅಂಗಳಕ್ಕೆ ಕೇಳುವಂತೆ ಹೇಳಿದ.

ಮುಕರುಬುಗ ಟೀಚರು ಮೂವತ್ತು ವರ್ಷದಲ್ಲಿ ಮೊದಲ ಸಲ ತಮ್ಮ ಲೆಕ್ಕ ತಪ್ಪಿತೇನೋ ಎಂದುಕೊಂಡರು.

ಒಳಗೆ ಒಣ ಬಟ್ಟೆ ಕೊಟ್ಟರು, ಕಂಬಳಿ ಹೊದಿಸಿದರು. ನಡುಮನೆಯಲ್ಲಿ ಎರಡು ಸಾಲು ಕುರ್ಚಿ, ಎದುರುಬದುರು. ಒಂದು ಸಾಲು ಖಾಲಿ. ಅದರಲ್ಲಿ ಇವರನ್ನು ಕೂರಿಸಿದರು. ಎದುರು ಸಾಲಿನಲ್ಲಿ ಮನೆಯ ಹಿರಿಯರು ಬೆತ್ತ ಹಿಡಿದು ಗಂಭೀರವಾಗಿ ಕೂತಿದ್ದರು. ಕಿಟಕಿಗಳ ತುಂಬ ನೆರೆಹೊರೆಯವರ ಮುಖಗಳು. ನಡುವೆ ಜೋಳದ ಮದ್ಯದ ಮಡಕೆ, ಅದರಲ್ಲಿ ಹೀರಲು ಉದ್ದನೆಯ ಕೊಳವೆಗಳು. ಅಡುಗೆಮನೆಯಿಂದ ಮೇಕೆಮಾಂಸ ಸುಡುವ ವಾಸನೆ ಬಂದು ದೋಲಿಯ ಕಣ್ಣು ಒದ್ದೆಯಾಯಿತು.

ಟೀಚರು ಕುರ್ಚಿಗಳನ್ನು ನೋಡಿದರು, ಹೂವು ನೋಡಿದರು, ಬೆತ್ತ ನೋಡಿದರು. ಗಕ್ವಾಯನ ಕಿವಿಯ ಬಳಿ ಬಾಗಿದರು. "ಲೋ ಮಂಕೇ, ಇದು ಹೆಣ್ಣು ಕೇಳೋ ಶಾಸ್ತ್ರ ಕಣೋ. ನಮ್ಮನ್ನ ಗಂಡಿನ ಕಡೆಯವರು ಅಂದ್ಕೊಂಡಿದಾರೆ."

ಗಕ್ವಾಯನಿಗೆ ಜೀವ ಬಾಯಿಗೆ ಬಂತು. ಗಂಡಿನ ಹಿರಿಯರು ಮೊದಲ ಸಲ ಹೆಣ್ಣಿನ ಮನೆಯ ಬಾಗಿಲಿಗೆ ಬರುವ ಶಾಸ್ತ್ರವನ್ನು ಅವನೂ ಹತ್ತಾರು ಸಲ ನೋಡಿದ್ದ, ಯಾವಾಗಲೂ ಹಿಂದಿನ ಸಾಲಿನಿಂದ. ಬಂದವರು ಯಾಕೆ ಬಂದರೆಂದು ಇಡೀ ಊರಿಗೆ ಗೊತ್ತಿದ್ದರೂ ಹೆಣ್ಣಿನವರ ಮಾತುಗಾರ ಗೊತ್ತಿಲ್ಲದವನಂತೆ ಕೇಳಬೇಕು. ಗಂಡಿನವರ ಮಾತುಗಾರ ಬೇರೇನಕ್ಕೋ ಬಂದವನಂತೆ ನಟಿಸಬೇಕು. ಬಂದ ಕಾರಣವನ್ನು ಬಂದ ಕೂಡಲೇ ಹೇಳಿಬಿಡುವವನು ಒರಟ. ಚೆನ್ನಾಗಿ ಸುಳ್ಳಾಡುವವನಿಗೇ ಮರ್ಯಾದೆ.

ಎದುರು ಸಾಲಿನಿಂದ ಸೆಬಾಹಿರೆ ಎದ್ದ. ಹೆಣ್ಣಿನ ದೊಡ್ಡಪ್ಪ. ಸುತ್ತಿನ ಏಳು ಗುಡ್ಡಗಳಲ್ಲಿ ಅವನ ಬಾಯಿಗೆ ಎದುರಿಲ್ಲ ಎಂದು ಪ್ರತೀತಿ.

"ಅಪರಿಚಿತರೇ, ಇಂಥ ಮಳೇಲಿ ನಾಯೀನೂ ಹೊರಗೆ ಬರೋಲ್ಲ. ನೀವ್ಯಾಕಪ್ಪಾ ಬಂದ್ರಿ?"

ಗಕ್ವಾಯ ಎದ್ದುನಿಂತ. ನಿಜ ಹೇಳಿಬಿಡುವುದೇ ವಾಸಿ ಎನ್ನಿಸಿತು. "ಯಜಮಾನ್ರೇ, ನಾವು ದಾರಿ ತಪ್ಪಿ ಬಂದ್ವಿ."

ನಡುಮನೆ ಗೊಳ್ಳೆಂದಿತು. "ಶುರು ಮಾಡಿದ ನೋಡು!" ಎಂದು ಕಿಟಕಿಯಿಂದ ಯಾರೋ ತೊಡೆ ತಟ್ಟಿದರು.

ಸೆಬಾಹಿರೆ ಮೀಸೆ ಸವರಿದ. "ಈ ಮನೆಗೆ ಬಂದವರು ಮೇಕೆ ಕಳ್ಕೊಂಡಿದೀವಿ ಅಂದಿದಾರೆ, ಕರು ಕಳ್ಕೊಂಡಿದೀವಿ ಅಂದಿದಾರೆ. ದಾರೀನೇ ಕಳ್ಕೊಂಡವರನ್ನ ಇವತ್ತೇ ನೋಡಿದ್ದು. ಏನು ಬೇಕು ನಿಮಗೆ?"

"ಒಂದು ರಾತ್ರಿ ಸೂರು. ಸಾಧ್ಯ ಆದ್ರೆ ಬಿಸಿಬಿಸಿ ಏನಾದ್ರೂ ಒಂದು ತುತ್ತು."

"ಅಷ್ಟೇನಾ? ನಮ್ಮನೇಲಿ ಇನ್ನೇನೂ ಬೇಡ್ವಾ? ಚೆನ್ನಾಗಿ ಯೋಚ್ನೆ ಮಾಡು."

"ಆಣೆ ಮಾಡಿ ಹೇಳ್ತೀನಿ, ನಮಗೆ ಹುಡುಗಿ ಗಿಡುಗಿ ಏನೂ ಬೇಡ. ನಾವು ಸೈಕಲ್ ಸಂಘದವರು."

ಚಪ್ಪಾಳೆ ಬಿತ್ತು. ಒಬ್ಬ ಮುದುಕ ನಕ್ಕು ನಕ್ಕು ಕೆಮ್ಮಿದ, ಅವನ ಬೆನ್ನು ಗುದ್ದಬೇಕಾಯಿತು. "ಸೈಕಲ್ ಸಂಘ ಅಂತೆ! ಅದಕ್ಕೇ ಸೈಕಲ್ ತಂದಿರೋದು! ಎಂಥಾ ತಯಾರಿ ಮಾರಾಯಾ!" ಎಂದು ಪಕ್ಕದ ಮನೆಯಾಕೆ ತನ್ನ ಗಂಡನನ್ನು ತಿವಿದಳು. "ನೀನೂ ಬಂದಿದ್ದೆ ನಮ್ಮಪ್ಪನ ಮನೆಗೆ, ಆಕಳಿಸ್ಕೊಂಡು."

"ಹಸು ಎಷ್ಟಿವೆ ನಿಮ್ಮ ಕಡೆ?" ಸೆಬಾಹಿರೆಗೆ ಹುರುಪು ಏರಿತ್ತು. ಹೆಣ್ಣು ಕೇಳಲು ಬಂದ ಗಂಡಿನವರು ಹೆಣ್ಣಿನ ಮನೆಗೆ ಕೊಡಬೇಕಾದದ್ದು ಹಸುಗಳನ್ನು.

"ಒಂದೂ ಇಲ್ಲ ಸ್ವಾಮಿ. ನಾನು ಕನ್ನಡಕ ಮಾರೋನು."

"ಕೇಳಿದ್ರಾ?" ಸೆಬಾಹಿರೆ ಸಭೆಯ ಕಡೆ ತಿರುಗಿದ. "ಒಂದೂ ಇಲ್ಲ ಅನ್ನೋ ಧೈರ್ಯ ಯಾರಿಗಿರುತ್ತೆ? ಕೊಟ್ಟಿಗೆ ತುಂಬಿರೋನಿಗೆ!"

ಕಿಟಕಿಯ ಬಳಿ ಅದು ಎಂಟು ಹಸುವಾಯಿತು. ಅಡುಗೆಮನೆ ಮುಟ್ಟುವಷ್ಟರಲ್ಲಿ ಹನ್ನೆರಡಾಯಿತು. ಗಕ್ವಾಯ ಕೈಮುಗಿದು "ದಯವಿಟ್ಟು ನಂಬಿ" ಎಂದ. ಆ ನಟನೆಗೆ ಹೆಂಗಸರು ಬಾಯಿಗೆ ಸೆರಗು ಹಿಡಿದರು.

ಅಷ್ಟರಲ್ಲಿ ಊರಿನ ಮುಖ್ಯಸ್ಥ ನೀರು ಕೊಡವುತ್ತಾ ಒಳಗೆ ಬಂದ. ಹೊರಗಿನವರು ರಾತ್ರಿ ಉಳಿದರೆ ಅವನಿಗೆ ತಿಳಿಸಬೇಕು, ಅದು ನಿಯಮ. "ಇವರು ಯಾರು, ಯಾಕೆ ಬಂದಿದಾರೆ?"

ಇವನಾದರೂ ಸರ್ಕಾರಿ ಮನುಷ್ಯ, ಅರ್ಥಮಾಡಿಕೊಂಡಾನು ಎಂದು ಗಕ್ವಾಯ ಅವನನ್ನು ಮೂಲೆಗೆ ಕರೆದೊಯ್ದ. "ಸಾರ್, ನಾವು ಬೀಗರಲ್ಲ. ನಿಜವಾಗ್ಲೂ ದಾರಿ ತಪ್ಪಿದವರು."

ಮುಖ್ಯಸ್ಥ ಅವನನ್ನು ಮೇಲಿಂದ ಕೆಳಗೆ ನೋಡಿದ. "ನೋಡಪ್ಪಾ, ಬೀಗರಾದ್ರೆ ನಂದೇನೂ ತಕರಾರಿಲ್ಲ, ಉಂಡು ಮಲಕ್ಕೊಳ್ಳಿ. ದಾರಿ ತಪ್ಪಿದವರಾದ್ರೆ ನನ್ ಜೊತೆ ಕಚೇರಿಗೆ ಬನ್ನಿ. ಎರಡು ಗುಡ್ಡ ಆಚೆ. ಸಾಹೇಬ್ರು ಬೆಳಿಗ್ಗೆ ಬರ್ತಾರೆ, ಅಲ್ಲೀತನಕ ಜಗಲೀಲಿ ಕೂತ್ಕೊಬಹುದು. ಜಗಲಿ ಸೋರುತ್ತೆ. ಈಗ ಹೇಳು, ನೀವು ಯಾರು?"

ಗಕ್ವಾಯ ಹೊರಗೆ ನೋಡಿದ. ಕತ್ತಲು ಇಳಿಯುತ್ತಿತ್ತು. ಒಳಗೆ ನೋಡಿದ. ದೋಲಿ ತಲೆಯನ್ನು ಅಡ್ಡಡ್ಡ ಆಡಿಸುತ್ತಾ, ಎರಡು ಕೈಯೂ ಎತ್ತಿ, ಬಾಯಿ ಮುಚ್ಚು ಎಂದು ಸನ್ನೆ ಮಾಡುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ಮಾಂಸದ ತಟ್ಟೆ ಆಗಲೇ ಹೊರಟಿತ್ತು. ಸೂರು, ಬಿಸಿ ಊಟ. ಮುಂದಿನ ವರ್ಷದ ಮುಂದಾಳುತನ.

"ಬೀಗರು," ಎಂದ ಗಕ್ವಾಯ ಸಣ್ಣ ಧ್ವನಿಯಲ್ಲಿ.

ಆ ಮನೆಯ ಹೊಸಿಲು ದಾಟಿದ ಮೇಲೆ ಅವನು ಹೇಳಿದ ಸುಳ್ಳು ಅದೊಂದೇ. ಅದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಊಟ ಬಂತು. ಕಡ್ಡಿಗೆ ಸಿಕ್ಕಿಸಿ ಸುಟ್ಟ ಮೇಕೆಮಾಂಸ, ಬೇಯಿಸಿದ ಬಾಳೆಕಾಯಿ, ಅವರೆ, ಕುಟ್ಟಿ ಬೇಯಿಸಿದ ಮರಗೆಣಸಿನ ಎಲೆಯ ಪಲ್ಯ. ಐವರೂ ಗಕ್ವಾಯನ ಕಡೆ ನೋಡಿದ ರೀತಿಯಲ್ಲಿ ಆ ವರ್ಷ ಮೊದಲ ಬಾರಿಗೆ ಗೌರವವಿತ್ತು. ಒಬ್ಬ ತಾನೇ ಮುಂದಾಗಿ ಅವನ ತಟ್ಟೆಗೆ ಉಪ್ಪು ಹಾಕಿದ. ಟೀಚರು ಕೂಡ "ತಿನ್ನು, ತಿನ್ನು" ಎಂದರು. ಗಕ್ವಾಯನಿಗೆ ತುಂಬ ಸಂತೋಷವಾಯಿತು. ಅವನು ಇನ್ನೇನು ಒಂದು ತುಂಡು ಬಾಯಿಗಿಡಬೇಕು, ಗೇಟಿನ ಬಳಿ ಗದ್ದಲವೆದ್ದಿತು.

ಮೊಣಕಾಲಿನವರೆಗೆ ಕೆಸರಾದ ಐದು ಜನ ಬಾಗಿಲಲ್ಲಿ ನಿಂತಿದ್ದರು. ಮುಂದಿದ್ದವನು ತೆಳ್ಳಗಿನ ಸಂಕೋಚದ ಮನುಷ್ಯ, ಹೆಸರು ರುಹುಂಬಿಕ. "ನಾವು... ಮುಹಾಂಗಾದಿಂದ... ಹುಡುಗನ ಚಿಕ್ಕಪ್ಪ ನಾನು," ಎಂದ. ಕೇಳಬೇಕಾದರೆ ಬಗ್ಗಿ ಕಿವಿಗೊಡಬೇಕಿತ್ತು.

"ಬೀಗರು ಆಗಲೇ ಬಂದು ಊಟಕ್ಕೆ ಕೂತಿದಾರೆ. ನೀವ್ಯಾರ್ರೀ?" ಎಂದ ಮುಖ್ಯಸ್ಥ.

"ನಮ್ಮ ಮಾತುಗಾರ್ರು ಅರ್ಧ ದಾರೀಲಿ... ಗುಡ್ಡ ಕುಸಿದಿದ್ದು ನೋಡಿ, ತಮ್ಮ ಹೊಸ ಬೂಟು ನೋಡ್ಕೊಂಡು, ವಾಪಸ್ ಹೋಗಿಬಿಟ್ರು. ನಾವು ಕಾರನ್ನ ನ್ಯಾಗಸೋಜೀಲಿ ಬಿಟ್ಟು, ಬಾಳೆತೋಟದಲ್ಲಿ ನಡ್ಕೊಂಡು..."

"ನ್ಯಾಗಸೋಜಿ?" ಎಂದರು ಮುಕರುಬುಗ ಟೀಚರು, ಕುರ್ಚಿಯಿಂದ ಅರ್ಧ ಎದ್ದು. "ಅದು ಇಲ್ಲಿಂದ ಎಷ್ಟು ದೂರ?"

"ಇಲ್ಲೇ ತೋಟದ ಹಿಂದೆ ಅಮ್ಮಾ. ಕಾಲು ಗಂಟೆ ಆಯ್ತು. ಚಪ್ಪಲಿ ಹೂತ್ಕೊಳ್ದೆ ಇದ್ದಿದ್ರೆ ಅಷ್ಟೂ ಆಗ್ತಿರಲಿಲ್ಲ."

ಸೈಕಲ್ ಸಂಘದ ಐವರೂ ಅಗಿಯುವುದನ್ನು ನಿಲ್ಲಿಸಿದರು. ಬೆಳಗಿನಿಂದ ಹತ್ತಿಳಿದ ಗುಡ್ಡಗಳೆಲ್ಲ ಅವರ ಕಣ್ಣ ಮುಂದೆ ಒಂದೊಂದಾಗಿ ಬಂದು ಹೋದವು. ಗಕ್ವಾಯ ತನ್ನ ತಟ್ಟೆಯಲ್ಲಿನ ಅವರೆಕಾಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ಹಸು ಎಷ್ಟು ಕೊಡ್ತೀರಿ?" ಸೆಬಾಹಿರೆ ಹೊಸಬರನ್ನು ಕೇಳಿದ, ಪರೀಕ್ಷೆಗೆಂದು.

"ಒಂದು," ಎಂದ ರುಹುಂಬಿಕ. "ಒಳ್ಳೇ ಹಸು."

ಕಿಟಕಿಗಳಲ್ಲಿ ನಗೆಯೆದ್ದಿತು. "ಹನ್ನೆರಡರವರು ಕೂತಿದಾರೆ, ಒಂದರವನು ಬಂದ!" "ಊಟದ ವಾಸನೆ ಹಿಡ್ಕೊಂಡು ಬಂದಿರೋ ಗಿರಾಕಿಗಳು ಇವರು!" ಮುಖ್ಯಸ್ಥ ಹೊಸಬರಿಗೆ ಬಾಗಿಲು ತೋರಿಸಿದ. ಕಚೇರಿ ಎರಡು ಗುಡ್ಡ ಆಚೆ ಇದೆ ಎಂದೂ, ಜಗಲಿ ಸೋರುತ್ತದೆ ಎಂದೂ ಹೇಳತೊಡಗಿದ. ರುಹುಂಬಿಕ ವಾದಿಸುವ ಜಾತಿಯವನಲ್ಲ. ತಲೆ ತಗ್ಗಿಸಿ ಮಳೆಯ ಕಡೆ ತಿರುಗಿದ.

ಒಳಬಾಗಿಲಲ್ಲಿ ಹಾಲಿನ ಪಾತ್ರೆ ಹಿಡಿದು ಮದುವಣಗಿತ್ತಿ ಉಮುಹೋಜ ನಿಂತಿದ್ದಳು. ರುಹುಂಬಿಕನ ಜೊತೆಗಿದ್ದ ಒಬ್ಬಳ ಮುಖ ಅವಳಿಗೆ ಗುರುತಿತ್ತು. ಆದರೆ ಆ ಸಭೆಯಲ್ಲಿ ಕರೆಯುವ ತನಕ ಹುಡುಗಿ ಬಾಯಿ ತೆರೆಯುವಂತಿಲ್ಲ. ಅವಳು ಬಾಯಿ ತೆರೆಯಲಿಲ್ಲ. ಗಕ್ವಾಯನನ್ನು ನೋಡಿದಳು. ಪಾತ್ರೆಯಲ್ಲಿ ಹಾಲು ತುಳುಕುತ್ತಿತ್ತು.

ಗಕ್ವಾಯ ಆ ಕಡೆ ನೋಡಿದ, ಈ ಕಡೆ ತನ್ನ ಸಂಘದ ಕಡೆ ನೋಡಿದ. ಸುಮ್ಮನೆ ಕೂತಿದ್ದರೆ ಸಾಕಿತ್ತು. ಊಟ ಮುಗಿಯುತ್ತಿತ್ತು, ರಾತ್ರಿ ಕಳೆಯುತ್ತಿತ್ತು. ತಾಯಿಯ ತವರು ತಾಯಿಯ ತವರಾಗಿಯೇ ಉಳಿಯುತ್ತಿತ್ತು. ಅವನು ಮಾಂಸದ ತುಂಡನ್ನು ತಟ್ಟೆಯಲ್ಲಿಟ್ಟು ಎದ್ದ.

"ನಿಲ್ಲಿಸಿ ಸ್ವಾಮಿ. ಅವರೇ ನಿಜವಾದ ಬೀಗರು."

"ಆಹಾ!" ಎಂದಿತು ಒಂದು ಕಿಟಕಿ.

"ಆಹಾ ಅನ್ಬೇಡ್ರೀ!" ಗಕ್ವಾಯನಿಗೆ ಅಳು ಬಂದಂತಾಗಿತ್ತು. "ನಾನು ಯಾರ ಬೀಗನೂ ಅಲ್ಲ. ಈ ಗುಡ್ಡದಲ್ಲಿ ನನ್ನ ಗುರುತಿರೋ ಒಂದು ಕೋಳೀನೂ ಇಲ್ಲ. ನಮ್ಮಮ್ಮ ನ್ಯಾಂಜಾ ಕಡೆಯವಳು. ಇವರ ಹತ್ರ ಜಂಬ ಕೊಚ್ಕೊಂಡೆ. ದಾರಿ ಕೇಳೋಕೆ ನಾಚ್ಕೊಂಡು ಬೆಳಗಿಂದ ಇವರನ್ನ ಗಾಣದ ಎತ್ತಿನ ಹಾಗೆ ಸುತ್ತಿಸಿದೆ. ದಾರಿ ತಪ್ಪಿದೀವಿ ಅಂತ ಬಂದಾಗಲೇ ಹೇಳಿದೆ. ನೀವು ಚಪ್ಪಾಳೆ ತಟ್ಟಿದ್ರಿ!"

ಈ ಸಲ ಯಾರೂ ನಗಲಿಲ್ಲ. ಸೆಬಾಹಿರೆಯ ಮೀಸೆ ಇಳಿದಿತ್ತು. ಏಳು ಗುಡ್ಡಗಳ ಮಾತುಗಾರ ಒಬ್ಬ ಕನ್ನಡಕ ಮಾರುವವನ ನಿಜವನ್ನು ಗುರುತಿಸದೆ ಹೋದನಲ್ಲ ಎಂಬ ಅವಮಾನ ಅವನ ಮುಖದಲ್ಲಿ ಕೆಂಪಗೆ ಏರಿತು. ಬೆತ್ತ ಎತ್ತಿದ.

ಮೂಲೆಯ ಚಾಪೆಯಿಂದ ಹುಡುಗಿಯ ಅಜ್ಜಿ ನಿರಾಂಬೆಹೊ ಗಂಟಲು ಸರಿಮಾಡಿಕೊಂಡಳು. "ಬೆತ್ತ ಇಳಿಸೋ ಸೆಬಾಹಿರೆ. ಬಂದಾಗಿನಿಂದ ಆ ಮನುಷ್ಯ ನಿಜಾನೇ ಹೇಳ್ತಿದಾನೆ. ಹಸು ಇಲ್ಲ ಅಂದ, ಹನ್ನೆರಡು ಮಾಡಿದವರು ನೀವು. ಈ ಹೊಸಬ ಒಂದು ಅಂದ, ಕಳ್ಳ ಅಂದ್ರಿ. ನಿಜ ಹೇಳಿದ್ರೆ ಈ ಮನೇಲಿ ಆಗೋ ಗತಿ ಇದಾದ್ರೆ ನನ್ ಮೊಮ್ಮಗಳನ್ನ ಬೇಗ ಕಳಿಸ್ಬಿಡಿ, ಎಲ್ಲಿಗಾದ್ರೂ."

ಸೆಬಾಹಿರೆ ಬೆತ್ತ ಇಳಿಸಿದ. ಹೊಸಬರಿಗೆ ಕುರ್ಚಿ ಬಂತು. ಈಗ ಶಾಸ್ತ್ರ ಮೊದಲಿಂದ ಶುರುವಾಗಬೇಕು. ಆದರೆ ಮಾತಾಡುವವರು ಯಾರು? ರುಹುಂಬಿಕ ಎದ್ದು, ಬಾಯಿ ತೆರೆದು, ಮುಚ್ಚಿ, ಕೂತ. ಆಮೇಲೆ ಗಕ್ವಾಯನ ತೋಳು ಹಿಡಿದ. "ಅಣ್ಣಾ, ನೀವೇ ನಮ್ಮ ಪರವಾಗಿ ಮಾತಾಡಿಬಿಡಿ. ನನ್ ಕೈಲಿ ಆಗಲ್ಲ."

"ನಾನಾ? ನಾನು ಹುಡುಗನ್ನ ನೋಡೇ ಇಲ್ವಲ್ಲಪ್ಪಾ!"

"ಹುಡುಗ ಹೇಗೆ?" ಸೆಬಾಹಿರೆ ಅಭ್ಯಾಸಬಲದಿಂದ ಕೇಳಿಬಿಟ್ಟ.

"ಜನ್ಮದಲ್ಲಿ ನೋಡಿಲ್ಲ," ಎಂದ ಗಕ್ವಾಯ. "ಆದ್ರೆ ಅವನಿಗೋಸ್ಕರ ಈ ಚಿಕ್ಕಪ್ಪ ಕೆಸರಲ್ಲಿ ನಡ್ಕೊಂಡು ಬಂದ. ಒಂದೇ ಹಸು ಇದ್ದಾಗ ಒಂದೇ ಅಂದ. ಅಂಥೋರ ಮನೆ ಹುಡುಗ ಕೆಟ್ಟೋನಿರಲಾರ."

ಹೆಂಗಸರು ಸೆರಗಿನಿಂದ ಕಣ್ಣೊರೆಸಿದರು. ಉಮುಹೋಜ ಹಾಲಿನ ಪಾತ್ರೆಯನ್ನು ಮೊದಲು ಗಕ್ವಾಯನ ಕೈಗೆ ಕೊಟ್ಟಳು. ಮೂರು ದಿನಗಳಿಂದ ಹೇಳಿಕೊಂಡು ಬಂದದ್ದು ಕೊನೆಗೂ ಕೈಗೆ ಬಂದಾಗ ಅವನು ಪಾತ್ರೆಯನ್ನು ಎರಡೂ ಕೈಯಿಂದ ಹಿಡಿದು, ಕುಡಿಯುವ ಮೊದಲು ಒಮ್ಮೆ ತನ್ನ ಐವರ ಕಡೆ ನೋಡಿದ.

ಬೆಳಿಗ್ಗೆ ಮಳೆ ನಿಂತಿತ್ತು. ಐವರು ಸೈಕಲ್ ಒರೆಸಿ ಸಿದ್ಧರಾದರು. ಗಕ್ವಾಯ ಸಿದ್ಧನಾಗಲಿಲ್ಲ. ಹಸು ಬಂದು, ಕೊಟ್ಟು, ತೆಗೆದುಕೊಂಡು, ಎಲ್ಲ ಮಾತು ಮುಗಿಯುವತನಕ ಮಾತುಗಾರ ಮನೆ ಬಿಡುವಂತಿಲ್ಲ ಎಂದು ಎರಡೂ ಕಡೆಯವರು ಹಟ ಹಿಡಿದಿದ್ದರು.

"ಟೀಚರಮ್ಮ," ಎಂದ ಗಕ್ವಾಯ, "ನಿನ್ನೆ ಮಾತು ಏನಾಯ್ತು? ಸೂರು ಸಿಕ್ತು. ಬಿಸಿ ಊಟ ಸಿಕ್ತು."

ಮುಕರುಬುಗ ಟೀಚರು ಎರಡು ಬೆರಳು ಮಡಿಸಿ ಎಣಿಸಿದರು. ಲೆಕ್ಕದಲ್ಲಿ ಅನ್ಯಾಯ ಮಾಡಿ ಅವರಿಗೆ ಅಭ್ಯಾಸವಿರಲಿಲ್ಲ. "ಸಿಕ್ತು. ನಿನ್ನನ್ನ ಹಿಂದೆ ಹಾಕೋ ಹಾಗಿಲ್ಲ. ನೀನೇ ಮುಂದಾಳು," ಎಂದರು. "ನೀನು ಇಲ್ಲೇ ಇರು. ನಾವು ಹೋಗಿ ಬರ್ತೀವಿ."

ಗಕ್ವಾಯ ಗೇಟಿನವರೆಗೆ ಬಂದ. ಅವನ ಒಂದು ಪಕ್ಕದಲ್ಲಿ ಸೆಬಾಹಿರೆ, ಇನ್ನೊಂದು ಪಕ್ಕದಲ್ಲಿ ರುಹುಂಬಿಕ, ಹಿಂದೆ ಅರ್ಧ ಊರು. ಇಷ್ಟು ಜನರ ಮುಂದೆ ಅವನು ಯಾವತ್ತೂ ನಿಂತಿರಲಿಲ್ಲ. ಎದೆ ತುಂಬಿ ಬಂತು. ಕೈ ಚಾಚಿ ಗಟ್ಟಿ ಧ್ವನಿಯಲ್ಲಿ ಹೇಳಿದ: "ಕರೋಂಗಿಗೆ ಎಡಗಡೆ ದಾರಿ. ನೇರ ಹೋಗಿ, ಯಾರನ್ನೂ ಕೇಳಬೇಕಾಗಿಲ್ಲ!"

ಐವರೂ ಮರ್ಯಾದೆಯಿಂದ ತಲೆಬಾಗಿದರು, ಮುಂದಾಳಿಗೆ ವಂದನೆ ಹೇಳಿದರು, ಸೈಕಲ್ ಹತ್ತಿ ಬಲಗಡೆಗೆ ತಿರುಗಿದರು.